ಏಳು ಮೈಲಿ ಆಚೆಗಿನ ಮತಪೆಟ್ಟಿಗೆ

2008ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವಾಲರ್ ಕೌಂಟಿಯಲ್ಲಿ ಒಂದು ಮೆರವಣಿಗೆ ಹೊರಟಿತು. ಪ್ರೇರಿ ವ್ಯೂ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸುಮಾರು 7 ಮೈಲಿ, ಎಂದರೆ 11 ಕಿಲೋಮೀಟರ್‌ಗಳಷ್ಟು ದೂರ ನಡೆದು ಕೌಂಟಿಯ ಆಡಳಿತ ಕೇಂದ್ರವಾದ ಹೆಂಪ್‌ಸ್ಟೆಡ್ ಪಟ್ಟಣವನ್ನು ಸೇರಿದರು. ಶುಲ್ಕ ಏರಿಕೆಯ ವಿರುದ್ಧವಾಗಲೀ ಯಾರದೋ ರಾಜೀನಾಮೆಗಾಗಲೀ ಹೊರಟ ಮೆರವಣಿಗೆ ಅದಾಗಿರಲಿಲ್ಲ. ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ತಮ್ಮ ಮತ ಚಲಾಯಿಸಲು ಅವರು ಹೊರಟಿದ್ದರು.

ಆ ವಿದ್ಯಾರ್ಥಿಗಳ ಮತದಾನದ ಹಕ್ಕನ್ನು ಯಾರೂ ರದ್ದು ಮಾಡಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಅವರ ಹೆಸರಿತ್ತು, ವಯಸ್ಸಾಗಿತ್ತು, ಪೌರತ್ವವೂ ಇತ್ತು. ಆದರೆ ಮುಂಗಡ ಮತದಾನಕ್ಕೆಂದು ಕೌಂಟಿಯ ಆಡಳಿತ ಗೊತ್ತುಮಾಡಿದ್ದುದು ಒಂದೇ ಕೇಂದ್ರ. ಅದು ಹೆಂಪ್‌ಸ್ಟೆಡ್‌ನಲ್ಲಿತ್ತು. ಸ್ವಂತ ಕಾರಿಲ್ಲದ ವಿದ್ಯಾರ್ಥಿಗೆ ಗ್ರಾಮೀಣ ಟೆಕ್ಸಾಸ್‌ನಲ್ಲಿ ಅಲ್ಲಿಗೆ ತಲಪುವ ದಾರಿ ಎಂದರೆ ಕಾಲ್ನಡಿಗೆ ಅಥವಾ ಸ್ನೇಹಿತನ ಕೃಪೆ. ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ಪ್ರಶ್ನೆ ಎತ್ತಿದ ಮೇಲಷ್ಟೇ ಇನ್ನೂ ಕೆಲವು ಕೇಂದ್ರಗಳನ್ನು ತೆರೆಯಲು ಕೌಂಟಿ ಒಪ್ಪಿತು.

ಪ್ರಜಾತಂತ್ರದಲ್ಲಿ ಮತವನ್ನು ಕಸಿಯುವುದಕ್ಕೆ ಈಗ ಕಾನೂನಿನ ನಿಷೇಧವೇ ಬೇಕಾಗಿಲ್ಲ. ಕೇಂದ್ರವನ್ನು ತುಸು ದೂರಕ್ಕೆ ಸರಿಸಿದರೆ ಸಾಕು, ಬಾಗಿಲು ತೆರೆಯುವ ವೇಳೆಯನ್ನು ತುಸು ಕಡಿಮೆ ಮಾಡಿದರೆ ಸಾಕು. ಜಗತ್ತಿಗೆಲ್ಲ ಪ್ರಜಾತಂತ್ರದ ಪಾಠ ಹೇಳುವ ಅಮೆರಿಕದಲ್ಲಿ ಅರ್ಧ ಶತಮಾನದಿಂದಲೂ ವಿದ್ಯಾರ್ಥಿ ಮತದಾರರ ಸುತ್ತ ನಡೆದಿರುವ ಹಗ್ಗಜಗ್ಗಾಟವನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ.

ಮಂಗಳವಾರದ ಕಟ್ಟುಪಾಡು

ಅಮೆರಿಕದ ಚುನಾವಣಾ ಪದ್ಧತಿಯ ಪರಿಚಯವಿಲ್ಲದವರಿಗೆ ಮುಂಗಡ ಮತದಾನಕ್ಕೆ ಇಷ್ಟೇಕೆ ಮಹತ್ವ ಎಂದು ಅನ್ನಿಸಬಹುದು. ನವೆಂಬರ್‌ನ ಮೊದಲ ಸೋಮವಾರದ ನಂತರದ ಮಂಗಳವಾರ ಅಧ್ಯಕ್ಷೀಯ ಚುನಾವಣೆ ನಡೆಯಬೇಕೆಂದು 1845ರಲ್ಲಿ ಶಾಸನವಾಯಿತು. ಸುಗ್ಗಿ ಮುಗಿಸಿದ ರೈತ ಭಾನುವಾರ ಚರ್ಚಿಗೆ ಹೋಗಿ, ಸೋಮವಾರ ಕುದುರೆಗಾಡಿ ಹೂಡಿ ಪಟ್ಟಣಕ್ಕೆ ಬಂದು ಮತ ಹಾಕಲಿ ಎಂಬ ಲೆಕ್ಕಾಚಾರ ಅಂದಿನದು. ಆ ರೈತರು ಹೋದರೂ ಮಂಗಳವಾರ ಉಳಿಯಿತು. ಅಂದು ದೇಶವ್ಯಾಪಿ ರಜೆಯೂ ಇಲ್ಲ. ಕೆಲಸ, ತರಗತಿ, ಪಾಳಿ ಎಲ್ಲದರ ನಡುವೆ ಸಾಲಿನಲ್ಲಿ ನಿಂತು ಮತ ಹಾಕಬೇಕು.

ಈ ತೊಡಕಿಗೆ ಪರಿಹಾರವಾಗಿ ಹಲವು ರಾಜ್ಯಗಳು ಚುನಾವಣೆಯ ದಿನಕ್ಕಿಂತ ಕೆಲವು ದಿನ ಅಥವಾ ವಾರ ಮೊದಲೇ ಮತದಾನಕ್ಕೆ ಅವಕಾಶ ಕಲ್ಪಿಸಿದವು. ಈಗ ಅದು ಅಲ್ಲಿನ ಚುನಾವಣೆಯ ಬೆನ್ನೆಲುಬು. ಕೋವಿಡ್ ಹಾವಳಿಯ 2020ರಲ್ಲಿ ಅಂಚೆ ಮತವೂ ಸೇರಿದಂತೆ 10 ಕೋಟಿಗೂ ಹೆಚ್ಚು ಅಮೆರಿಕನ್ನರು ಚುನಾವಣೆಯ ದಿನಕ್ಕೆ ಮೊದಲೇ ಮತ ಚಲಾಯಿಸಿದ್ದರು.

ಆದರೆ ಮುಂಗಡ ಮತದಾನ ಎಲ್ಲ ಮತಗಟ್ಟೆಗಳಲ್ಲಿ ನಡೆಯುವುದಿಲ್ಲ. ಆಯ್ದ ಕೆಲವೇ ಕೇಂದ್ರಗಳಲ್ಲಿ ನಡೆಯುತ್ತದೆ. ಅವು ಎಲ್ಲಿರಬೇಕು, ಎಷ್ಟು ಗಂಟೆ ತೆರೆದಿರಬೇಕು ಎಂಬುದನ್ನು ನಮ್ಮಲ್ಲಿರುವಂತೆ ಒಂದು ಸಾಂವಿಧಾನಿಕ ಆಯೋಗ ತೀರ್ಮಾನಿಸುವುದಿಲ್ಲ. ರಾಜ್ಯದ ಕಾನೂನಿನ ಚೌಕಟ್ಟಿನೊಳಗೆ ಸ್ಥಳೀಯ ಕೌಂಟಿಗಳು ತೀರ್ಮಾನಿಸುತ್ತವೆ. ಟೆಕ್ಸಾಸ್‌ನಲ್ಲಿ ಚುನಾಯಿತ ಕಮಿಷನರುಗಳಿಗೆ, ಉತ್ತರ ಕೆರೊಲಿನಾದಲ್ಲಿ ಪಕ್ಷಗಳ ಪ್ರತಿನಿಧಿಗಳಿರುವ ಕೌಂಟಿ ಚುನಾವಣಾ ಮಂಡಳಿಗಳಿಗೆ ಈ ಅಧಿಕಾರವಿದೆ. ಯಾರ ಮತದಿಂದ ತಮ್ಮ ಕುರ್ಚಿ ಅಲುಗಾಡಬಹುದೋ ಅವರ ಮತಗಟ್ಟೆ ಎಲ್ಲಿರಬೇಕೆಂದು ಆ ಕುರ್ಚಿಯಲ್ಲಿ ಕುಳಿತವರೇ ನಿರ್ಧರಿಸುವ ವ್ಯವಸ್ಥೆ ಇದು. ಸಮಸ್ಯೆಯ ಬೇರು ಇರುವುದು ಇಲ್ಲಿ.

ಹಕ್ಕು ಬಂದದ್ದು ಯುದ್ಧದಿಂದ

ಹದಿನೆಂಟರ ಹರೆಯದವರಿಗೆ ಅಮೆರಿಕ ಮತಾಧಿಕಾರ ಕೊಟ್ಟದ್ದು ವಿಯೆಟ್ನಾಂ ಯುದ್ಧದ ಒತ್ತಡದಲ್ಲಿ. ಬಂದೂಕು ಹಿಡಿದು ಸಾಯಲು ಸಾಕಾಗುವ ವಯಸ್ಸು ಮತ ಹಾಕಲು ಸಾಲದೇ ಎಂಬ ಪ್ರಶ್ನೆಗೆ ಅಂದಿನ ರಾಜಕಾರಣಿಗಳಲ್ಲಿ ಉತ್ತರವಿರಲಿಲ್ಲ. 1971ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಅಂಗೀಕರಿಸಿದ 26ನೇ ತಿದ್ದುಪಡಿಯನ್ನು ರಾಜ್ಯಗಳು ಸುಮಾರು 100 ದಿನಗಳಲ್ಲೇ ಅನುಮೋದಿಸಿದವು. ಆ ದೇಶದ ಸಂವಿಧಾನದ ಇತಿಹಾಸದಲ್ಲಿ ಇಷ್ಟು ಬೇಗ ಜಾರಿಗೆ ಬಂದ ತಿದ್ದುಪಡಿ ಮತ್ತೊಂದಿಲ್ಲ. 18 ತುಂಬಿದವರ ಮತಾಧಿಕಾರವನ್ನು ವಯಸ್ಸಿನ ಕಾರಣಕ್ಕೆ ನಿರಾಕರಿಸಬಾರದು, ಮೊಟಕುಗೊಳಿಸಲೂ ಬಾರದು ಎಂದು ಅದು ಸಾರಿತು.

ಹಕ್ಕು ಬಂದ ಮರುಗಳಿಗೆಯೇ ತಕರಾರೂ ಶುರುವಾಯಿತು. ವಾಲರ್ ಕೌಂಟಿಯಲ್ಲಿರುವ ಪ್ರೇರಿ ವ್ಯೂ 1876ರಲ್ಲಿ ಕಪ್ಪು ಜನಾಂಗದವರ ಶಿಕ್ಷಣಕ್ಕಾಗಿ ಸ್ಥಾಪನೆಗೊಂಡ ಸಂಸ್ಥೆ. ಹಿಂದೆ ಗುಲಾಮರು ದುಡಿದ ತೋಟದ ನೆಲದ ಮೇಲೆಯೇ ಅದು ತಲೆಯೆತ್ತಿದೆ. ಅಲ್ಲಿನ ಸಾವಿರಾರು ವಿದ್ಯಾರ್ಥಿಗಳು ಒಮ್ಮೆಲೇ ಮತದಾರರಾದರೆ ಕೌಂಟಿಯ ರಾಜಕೀಯ ಸಮತೋಲವೇ ಬದಲಾಗುತ್ತಿತ್ತು. ಅಲ್ಲಿನ ಮತದಾರರ ನೋಂದಣಾಧಿಕಾರಿ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನಾವಳಿ ಇಟ್ಟರು. ಈ ಕೌಂಟಿಯಲ್ಲಿ ನಿನಗೆ ಆಸ್ತಿ ಇದೆಯೇ, ಓದು ಮುಗಿದ ಮೇಲೆ ಇಲ್ಲೇ ಇರುತ್ತೀಯಾ ಎಂಬಂಥ ಪ್ರಶ್ನೆಗಳು. ಬೇರೆಯವರಿಗೆ ಇಲ್ಲದ ಈ ಪರೀಕ್ಷೆ ವಿದ್ಯಾರ್ಥಿಗಳಿಗೆ ಮಾತ್ರ ಏಕೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದು, ಓದುವ ಊರಿನಲ್ಲಿ ಮತ ಹಾಕುವ ವಿದ್ಯಾರ್ಥಿಗಳ ಹಕ್ಕನ್ನು ಸ್ಥಿರಪಡಿಸಿತು. ಇಡೀ ಅಮೆರಿಕದ ವಿದ್ಯಾರ್ಥಿ ಮತದಾರರು ಇಂದಿಗೂ ನೆಚ್ಚಿಕೊಂಡಿರುವುದು ಆ ತೀರ್ಪನ್ನೇ.

ಸೋಜಿಗವೆಂದರೆ ತೀರ್ಪು ಬಂದ ಊರಿನಲ್ಲೇ ಅದರ ಆಶಯ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಯಿತು. ವಿದ್ಯಾರ್ಥಿಗಳು ಸ್ಥಳೀಯ ಮತದಾರರಾಗಲು ಅರ್ಹರೇ ಎಂದು ಜಿಲ್ಲಾ ಅಟಾರ್ನಿಯೇ 2003ರಲ್ಲಿ ಬಹಿರಂಗವಾಗಿ ಸಂಶಯ ಎತ್ತಿದರು. 2004ರಲ್ಲಿ ಕ್ಯಾಂಪಸ್ಸಿಗೆ ಹತ್ತಿರದ ಕೇಂದ್ರದ ಮುಂಗಡ ಮತದಾನದ ಅವಧಿಯನ್ನು 17 ಗಂಟೆಗಳಿಂದ 6 ಗಂಟೆಗೆ ಇಳಿಸಲು ಕೌಂಟಿ ಹೊರಟಿತು. ದಾವೆ ಹೂಡಿದ ಮೇಲೆ ಹಿಂದೆ ಸರಿಯಿತು. 2008ರ ಕಾಲ್ನಡಿಗೆಗೆ ಈ ಹಿನ್ನೆಲೆ ಇದೆ. 2018ರಲ್ಲಿ ಮುಂಗಡ ಮತದಾನದ ಮೊದಲ ವಾರ ಕ್ಯಾಂಪಸ್ಸಿನಲ್ಲಿ ಕೇಂದ್ರವೇ ಇರದಂತೆ ವೇಳಾಪಟ್ಟಿ ರೂಪುಗೊಂಡಾಗ ವಿದ್ಯಾರ್ಥಿಗಳು ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಜನಾಂಗ ತಾರತಮ್ಯದ ಇತಿಹಾಸವುಳ್ಳ ರಾಜ್ಯಗಳು ಚುನಾವಣಾ ನಿಯಮಗಳನ್ನು ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2013ರ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ನಿಷ್ಕ್ರಿಯಗೊಳಿಸಿತ್ತು. 2008ರಲ್ಲಿ ವಿದ್ಯಾರ್ಥಿಗಳ ನೆರವಿಗೆ ಬಂದಿದ್ದ ರಕ್ಷಾಕವಚ 2018ರಲ್ಲಿ ಇರಲಿಲ್ಲ. ದಾವೆಯ ಬಳಿಕ ಕೌಂಟಿ ಒಂದಿಷ್ಟು ಹೆಚ್ಚುವರಿ ಗಂಟೆಗಳನ್ನು ಕೊಟ್ಟಿತಾದರೂ, 2022ರಲ್ಲಿ ಬಂದ ತೀರ್ಪು ವಿದ್ಯಾರ್ಥಿಗಳ ವಿರುದ್ಧವಾಯಿತು.

ವಾಹನ ನಿಲುಗಡೆಯೂ ಅಸ್ತ್ರ

ವಾಲರ್ ಕೌಂಟಿ ಒಂಟಿ ಉದಾಹರಣೆಯಲ್ಲ. ಉತ್ತರ ಕೆರೊಲಿನಾದ ಬೂನ್ ಪಟ್ಟಣದಲ್ಲಿ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯವಿದೆ. 2013ರಲ್ಲಿ ಅಲ್ಲಿನ ಕೌಂಟಿ ಚುನಾವಣಾ ಮಂಡಳಿ ಕ್ಯಾಂಪಸ್ಸಿನ ಮುಂಗಡ ಮತದಾನ ಕೇಂದ್ರವನ್ನು ರದ್ದುಪಡಿಸಲು ನಿರ್ಧರಿಸಿತು. ಜೊತೆಗೆ ಪಟ್ಟಣದ ಮೂರು ಮತಕ್ಷೇತ್ರಗಳನ್ನು ಒಂದಾಗಿಸಿ, ಸುಮಾರು 9,300 ಮತದಾರರನ್ನು 35 ವಾಹನಗಳಿಗಷ್ಟೇ ಜಾಗವಿದ್ದ ಒಂದೇ ಮತಗಟ್ಟೆಗೆ ತಳ್ಳುವ ತೀರ್ಮಾನ ಕೈಗೊಂಡಿತು. ಕ್ಯಾಂಪಸ್ ಕೇಂದ್ರವನ್ನು ಕೈಬಿಡುವುದರ ಹಿಂದೆ ವಿದ್ಯಾರ್ಥಿಗಳ ಮತದಾನವನ್ನು ನಿರುತ್ಸಾಹಗೊಳಿಸುವುದರ ಹೊರತು ಬೇರಾವ ಉದ್ದೇಶವೂ ತೋರುತ್ತಿಲ್ಲ ಎಂದು 2014ರಲ್ಲಿ ನ್ಯಾಯಾಧೀಶರೊಬ್ಬರು ಹೇಳಬೇಕಾಯಿತು. ಅದೇ ರಾಜ್ಯ 2013ರ ಶಾಸನದ ಮೂಲಕ ಮುಂಗಡ ಮತದಾನದ ಅವಧಿಯನ್ನು 17 ದಿನಗಳಿಂದ 10ಕ್ಕೆ ಇಳಿಸಿತ್ತು. ಕಪ್ಪು ಮತದಾರರನ್ನು ಗುರಿಯಾಗಿಸಿದ ಕಾನೂನು ಎಂಬ ಕಾರಣಕ್ಕೆ ಕೇಂದ್ರ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಅದನ್ನು ತಳ್ಳಿಹಾಕಿತು.

ಫ್ಲಾರಿಡಾದ ಕಥೆ ಇನ್ನಷ್ಟು ಬೋಧಪ್ರದ. ಗೇನ್ಸ್‌ವಿಲ್‌ನಲ್ಲಿರುವ ಫ್ಲಾರಿಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಭವನದಲ್ಲಿ ಮುಂಗಡ ಮತದಾನ ಕೇಂದ್ರ ತೆರೆಯಬಹುದೇ ಎಂಬ ಪ್ರಶ್ನೆಗೆ 2014ರಲ್ಲಿ ರಾಜ್ಯದ ಚುನಾವಣಾ ವಿಭಾಗ ಆಗದು ಎಂದಿತು. ಕಾನೂನಿನಲ್ಲಿ ಕ್ರೀಡಾಂಗಣ, ಸಮಾವೇಶ ಕೇಂದ್ರ, ಜಾತ್ರೆಯ ಮೈದಾನ, ನ್ಯಾಯಾಲಯ ಕಟ್ಟಡಗಳ ಹೆಸರಿತ್ತು, ವಿಶ್ವವಿದ್ಯಾಲಯದ ಹೆಸರಿರಲಿಲ್ಲ ಎಂಬುದು ಸಮರ್ಥನೆ. ಫುಟ್‌ಬಾಲ್ ಆಡುವಲ್ಲಿ ಮತ ಹಾಕಬಹುದು, ಪಾಠ ಕೇಳುವಲ್ಲಿ ಹಾಕಬಾರದು ಎಂಬ ಈ ತರ್ಕ ನಾಲ್ಕು ವರ್ಷ ಬಾಳಿತು. ಮಹಿಳಾ ಮತದಾರರ ಲೀಗ್ ಮತ್ತು ವಿದ್ಯಾರ್ಥಿಗಳು ಹೂಡಿದ ದಾವೆಯಲ್ಲಿ ಕೇಂದ್ರ ನ್ಯಾಯಾಧೀಶ ಮಾರ್ಕ್ ವಾಕರ್ 2018ರ ಜುಲೈನಲ್ಲಿ ಈ ನಿಲುವಿಗೆ ತಡೆ ನೀಡಿದರು. 26ನೇ ತಿದ್ದುಪಡಿ ಕೊಟ್ಟ ಹಕ್ಕಿನ ವಿಷಯದಲ್ಲಿ ರಾಜ್ಯ ಯುವಜನರ ವಿರುದ್ಧ ಎದ್ದುಕಾಣುವ ತಾರತಮ್ಯ ತೋರಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ವರ್ಷದ ಚುನಾವಣೆಯಲ್ಲಿ ಕ್ಯಾಂಪಸ್ ಕೇಂದ್ರಗಳ ಮುಂದೆ ಸಾಲುಗಳು ಬೆಳೆದವು.

ಮರುವರ್ಷವೇ ರಾಜ್ಯದ ಶಾಸನಸಭೆ ಮತ್ತೊಂದು ಷರತ್ತು ಸೇರಿಸಿತು. ಮುಂಗಡ ಮತದಾನ ಕೇಂದ್ರದ ಬಳಿ ಅನುಮತಿ ಚೀಟಿಯ ಅಗತ್ಯವಿಲ್ಲದ ವಾಹನ ನಿಲುಗಡೆ ಸಾಕಷ್ಟು ಇರಬೇಕಂತೆ. ಕ್ಯಾಂಪಸ್ಸುಗಳಲ್ಲಿ ಇಂಥ ಜಾಗ ಸಿಗುವುದೇ ಅಪರೂಪ. ಹಾಸ್ಟೆಲಿನಿಂದ ನಡೆದು ಬರುವ ಮತದಾರನ ಹಕ್ಕನ್ನು ಕಾರು ನಿಲ್ಲಿಸುವ ಜಾಗದ ಅಳತೆಗೋಲಿನಿಂದ ಅಳೆಯುವ ಈ ವಿಚಿತ್ರಕ್ಕೆ 2020ರ ರಾಜಿ ಒಪ್ಪಂದ ಒಂದಿಷ್ಟು ತೆರೆ ಎಳೆಯಿತು.

ಟೆಕ್ಸಾಸ್ 2019ರಲ್ಲಿ ತಾತ್ಕಾಲಿಕ ಮುಂಗಡ ಮತದಾನ ಕೇಂದ್ರಗಳನ್ನೇ ತೆಗೆದುಹಾಕಿತು. ಕೇಂದ್ರ ತೆರೆದರೆ ಇಡೀ ಮುಂಗಡ ಅವಧಿಯುದ್ದಕ್ಕೂ ತೆರೆದಿರಬೇಕು, ಇಲ್ಲವಾದರೆ ಬೇಡ ಎಂಬುದು ಹೊಸ ನಿಯಮ. ಆಸ್ಟಿನ್ ಕಮ್ಯುನಿಟಿ ಕಾಲೇಜಿನ ಒಂಬತ್ತು ಕೇಂದ್ರಗಳಲ್ಲಿ 2018ರಲ್ಲಿ ಸುಮಾರು 14,000 ಮತಗಳು ಚಲಾವಣೆಯಾಗಿದ್ದವು. ಹೊಸ ಕಾನೂನಿನಿಂದ ಆ ಕೇಂದ್ರಗಳು ಇಲ್ಲವಾದವು. ಅದೇ ರಾಜ್ಯದಲ್ಲಿ ಮತದಾರನ ಗುರುತಿಗೆ ಪಿಸ್ತೂಲಿನ ಪರವಾನಗಿ ನಡೆಯುತ್ತದೆ, ವಿಶ್ವವಿದ್ಯಾಲಯದ ಗುರುತಿನ ಚೀಟಿ ನಡೆಯುವುದಿಲ್ಲ. 65 ದಾಟಿದವರು ಬೇರೆ ಕಾರಣ ಹೇಳದೆಯೇ ಅಂಚೆ ಮತ ಪಡೆಯಬಹುದು, ಇಪ್ಪತ್ತರ ಯುವಕನಿಗೆ ಆ ಸೌಲಭ್ಯವಿಲ್ಲ. ಒಂದೊಂದೂ ಬಿಡಿಯಾಗಿ ನೋಡಿದರೆ ಸಣ್ಣ ನಿಯಮವೇ. ಒಟ್ಟಿಗೆ ಇಟ್ಟಾಗ ಮಾತ್ರ ಚಿತ್ರ ಮೂಡುತ್ತದೆ.

ವಿರೋಧಿಗಳ ವಾದದಲ್ಲಿ ಹುರುಳಿದೆಯೇ?

ಹೀಗೆ ಕೇಂದ್ರಗಳನ್ನು ಕಡಿತಗೊಳಿಸುವವರಿಗೆ ಅವರದೇ ವಾದಗಳಿವೆ. ಅವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಪ್ರತಿ ಕೇಂದ್ರಕ್ಕೂ ಸಿಬ್ಬಂದಿ, ಯಂತ್ರ, ಭದ್ರತೆ ಬೇಕು. ಬಡ ಗ್ರಾಮೀಣ ಕೌಂಟಿಗೆ ಅದು ಹೊರೆಯೇ ಸರಿ. ಟೆಕ್ಸಾಸ್‌ನ ಸಂಚಾರಿ ಕೇಂದ್ರಗಳು ಶಾಲಾ ಸಾಲಪತ್ರಗಳ ಚುನಾವಣೆಯಲ್ಲಿ ತಮಗೆ ಬೇಕಾದ ಮತದಾರರು ಇರುವಲ್ಲಿಗಷ್ಟೇ ಹೋಗುತ್ತಿದ್ದವು ಎಂಬ ದೂರಿತ್ತು. ಆ ದುರುಪಯೋಗ ತಡೆಯಬೇಕೆಂಬ ಬಯಕೆ ತಪ್ಪಲ್ಲ. ಆದರೆ ಮದ್ದಿನ ಪೆಟ್ಟು ಬಿದ್ದದ್ದು ಕಾಲೇಜುಗಳ ಮೇಲೆ, ಸಣ್ಣ ಹಳ್ಳಿಗಳ ಮೇಲೆ.

ಇನ್ನೊಂದು ವಾದ ಹೆಚ್ಚು ಆಳವಾದದ್ದು. ನಾಲ್ಕು ವರ್ಷ ಇದ್ದು ಹೋಗುವ ವಿದ್ಯಾರ್ಥಿಗಳು ಊರಿನ ತೆರಿಗೆ, ಶಾಲೆ, ರಸ್ತೆಗಳ ಬಗ್ಗೆ ಏಕೆ ತೀರ್ಮಾನಿಸಬೇಕು? ಅವರು ತಮ್ಮ ತಂದೆತಾಯಿಯರ ಊರಿನಲ್ಲಿ ಮತ ಹಾಕಲಿ ಎನ್ನುವವರಿದ್ದಾರೆ. ಮೇಲ್ನೋಟಕ್ಕೆ ಸರಿ ಎನಿಸುವ ಮಾತು. ಆದರೆ ಅಮೆರಿಕದ ಜನಗಣತಿ ವಿದ್ಯಾರ್ಥಿಯನ್ನು ಲೆಕ್ಕ ಹಾಕುವುದು ಅವನು ಓದುವ ಊರಿನಲ್ಲಿ. ಆ ಲೆಕ್ಕದ ಮೇಲೆಯೇ ಪ್ರಾತಿನಿಧ್ಯ ಹಂಚಿಕೆಯಾಗುತ್ತದೆ, ಕೇಂದ್ರದ ಅನುದಾನ ಹರಿದುಬರುತ್ತದೆ. ತಲೆ ಎಣಿಸುವಾಗ ನಮ್ಮವನು, ಮತ ಎಣಿಸುವಾಗ ಪರಊರಿನವನು ಎಂದರೆ ಅದೆಂಥ ನ್ಯಾಯ? ಅಲ್ಲದೆ ಎರಡು ವರ್ಷಕ್ಕೆ ವರ್ಗವಾಗಿ ಬಂದ ಕಂಪನಿ ನೌಕರನನ್ನಾಗಲೀ ಬಾಡಿಗೆ ಮನೆಯ ಸೈನಿಕನನ್ನಾಗಲೀ ಯಾರೂ ಹೀಗೆ ಪ್ರಶ್ನಿಸುವುದಿಲ್ಲ.

ಉಳಿದದ್ದು ರಾಜಕಾರಣ. ಕ್ಯಾಂಪಸ್ ಮತಗಳು ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದತ್ತ ವಾಲುತ್ತವೆ ಎಂಬುದು ಗುಟ್ಟೇನಲ್ಲ. ಕ್ಯಾಂಪಸ್ ಮತದಾನಕ್ಕೆ ಕಡಿವಾಣ ಬೇಕೆಂದು ರಿಪಬ್ಲಿಕನ್ ವಲಯದ ಪ್ರಭಾವಿ ವಕೀಲೆ ಕ್ಲೀಟಾ ಮಿಚೆಲ್ 2023ರಲ್ಲಿ ಪಕ್ಷದ ದಾನಿಗಳ ಸಭೆಯಲ್ಲೇ ಪ್ರತಿಪಾದಿಸಿದ್ದು ಸುದ್ದಿಯಾಗಿತ್ತು. ಅದೇ ವರ್ಷ ಕಾಲೇಜು ಆವರಣಗಳಲ್ಲಿ ಮತಗಟ್ಟೆಗಳನ್ನೇ ನಿಷೇಧಿಸುವ ಮಸೂದೆ ಟೆಕ್ಸಾಸ್ ಶಾಸನಸಭೆಯಲ್ಲಿ ಮಂಡನೆಯಾಯಿತು. ಅದು ಕಾನೂನಾಗಲಿಲ್ಲ ಎಂಬುದು ಸಮಾಧಾನ. ಆದರೆ ಇದನ್ನು ಒಂದೇ ಪಕ್ಷದ ಪಾಪವೆಂದು ಬರೆದುಬಿಡುವುದೂ ಅವಸರವಾದೀತು. ವಾಲರ್ ಕೌಂಟಿಯ ಪ್ರಶ್ನಾವಳಿಯ ಕಾಲಕ್ಕೆ ಟೆಕ್ಸಾಸ್ ಡೆಮಾಕ್ರಟರ ಕೋಟೆಯಾಗಿತ್ತು. ಡೆಮಾಕ್ರಟರ ಪ್ರಾಬಲ್ಯದ ನ್ಯೂಯಾರ್ಕ್ ರಾಜ್ಯ ಮುಂಗಡ ಮತದಾನವನ್ನು ಆರಂಭಿಸಿದ್ದೇ 2019ರಲ್ಲಿ. ಬಣ್ಣ ಯಾವುದೇ ಇರಲಿ, ಅಧಿಕಾರಸ್ಥರಿಗೆ ಹೊಸ ಮತದಾರನೆಂದರೆ ಅಳುಕು.

ಅದೇ ನ್ಯೂಯಾರ್ಕ್ 2022ರಲ್ಲಿ ಒಳ್ಳೆಯ ದಾರಿಯನ್ನೂ ತೋರಿತು. 300 ಅಥವಾ ಅದಕ್ಕಿಂತ ಹೆಚ್ಚು ನೋಂದಾಯಿತ ಮತದಾರರಿರುವ ಕಾಲೇಜು ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ ಮತಗಟ್ಟೆ ಇರಲೇಬೇಕೆಂದು ಕಾನೂನು ಮಾಡಿತು. ಸ್ಥಳೀಯರ ಮರ್ಜಿಗೆ ಬಿಟ್ಟಿದ್ದ ವಿಷಯವನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿದ್ದು ಅದರ ಜಾಣ್ಮೆ. ಮತದಾರರು ಎಷ್ಟು ಮಂದಿ ಎಂಬುದನ್ನು ಎಣಿಸಬಹುದು, ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಕಷ್ಟ.

ಅಂತರ ತಗ್ಗಿದರೆ ಆಸಕ್ತಿ ಹೆಚ್ಚುತ್ತದೆ

ಯುವಜನರಿಗೆ ಮತದಾನದಲ್ಲಿ ಆಸಕ್ತಿಯೇ ಇಲ್ಲ, ಮತಗಟ್ಟೆ ಎಲ್ಲಿದ್ದರೇನು ಎಂಬ ಉಡಾಫೆಯ ಮಾತು ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಯನದ ಅಂಕಿಅಂಶ ಬೇರೆಯೇ ಹೇಳುತ್ತದೆ. 2014ರ ಮಧ್ಯಂತರ ಚುನಾವಣೆಯಲ್ಲಿ ಶೇ 19ರಷ್ಟಿದ್ದ ಕಾಲೇಜು ವಿದ್ಯಾರ್ಥಿಗಳ ಮತದಾನ 2018ರಲ್ಲಿ ಶೇ 40ಕ್ಕೆ ಏರಿತು. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಶೇ 52ರಷ್ಟಿದ್ದುದು 2020ರಲ್ಲಿ ಶೇ 66 ಮುಟ್ಟಿತು. ಇದಕ್ಕೆಲ್ಲ ಮತಗಟ್ಟೆಯ ಸಾಮೀಪ್ಯವೊಂದೇ ಕಾರಣವಲ್ಲ. ಆದರೆ ಉದಾಸೀನ ಹುಟ್ಟುಗುಣವಲ್ಲ ಎಂಬುದಂತೂ ಇದರಿಂದ ಸ್ಪಷ್ಟ. ಅರ್ಧ ಗಂಟೆ ಬಿಡುವಿರುವ ವಿದ್ಯಾರ್ಥಿಗೆ ಗ್ರಂಥಾಲಯದ ಪಕ್ಕದ ಮತಗಟ್ಟೆ ಒಂದು ಅವಕಾಶ, 11 ಕಿಲೋಮೀಟರ್ ಆಚೆಗಿನದು ಒಂದು ನೆಪ. ಮೊದಲ ಮತ ತಪ್ಪಿದವನಿಗೆ ಎರಡನೆಯದನ್ನೂ ತಪ್ಪಿಸಿಕೊಳ್ಳುವುದು ಸುಲಭ.

ಈ ವಿಷಯದಲ್ಲಿ ನಮ್ಮ ವ್ಯವಸ್ಥೆ ಕೆಲವು ಅಂಶಗಳಲ್ಲಿ ಮೇಲಾಗಿದೆ ಎಂದು ಹೇಳಲು ಸಂಕೋಚಪಡಬೇಕಿಲ್ಲ. 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಮತದಾರ 2 ಕಿಲೋಮೀಟರ್‌ಗಿಂತ ಹೆಚ್ಚು ನಡೆಯುವಂತಾಗಬಾರದು ಎಂಬುದು ಚುನಾವಣಾ ಆಯೋಗದ ಮಾನದಂಡ. ಮತದಾನದ ದಿನ ವೇತನ ಸಹಿತ ರಜೆ ಕಾನೂನಿನಲ್ಲೇ ಇದೆ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ತನ್ನ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಪಡೆದು ಓದುವ ಊರಿನಲ್ಲೇ ಹೆಸರು ನೋಂದಾಯಿಸಬಹುದು, ಬೇಡವೆಂದರೆ ಊರಿನ ಪಟ್ಟಿಯಲ್ಲೇ ಉಳಿಯಬಹುದು. ವಾಲರ್ ಕೌಂಟಿಯಲ್ಲಿ ನ್ಯಾಯಾಲಯದವರೆಗೆ ಹೋದ ಪ್ರಶ್ನೆಗೆ ನಮ್ಮಲ್ಲಿ ಒಂದು ಅರ್ಜಿ ನಮೂನೆಯಲ್ಲೇ ಉತ್ತರವಿದೆ.

ಹಾಗೆಂದು ಬೀಗುವಂತಿಲ್ಲ. ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಓದಲು ಬಂದ ವಿದ್ಯಾರ್ಥಿಗೆ ಈ ಸೌಲಭ್ಯ ಇದೆಯೆಂದು ತಿಳಿಸುವ ಕಾಲೇಜುಗಳು ಎಷ್ಟಿವೆ? ಹೆಸರು ಊರಿನಲ್ಲಿ, ಪರೀಕ್ಷೆ ಇಲ್ಲಿ, ಕೈಯಲ್ಲಿ ಬಸ್ ಚಾರ್ಜಿಗೂ ತತ್ವಾರ ಎಂಬ ಸ್ಥಿತಿಯಲ್ಲಿ ಅವನ ಮತವೂ ದೂರದಲ್ಲೇ ಉಳಿದುಬಿಡುತ್ತದೆ. ಅಮೆರಿಕದಲ್ಲಿ ಅಂತರವನ್ನು ಸೃಷ್ಟಿಸುವುದು ರಾಜಕಾರಣ, ನಮ್ಮಲ್ಲಿ ಅದನ್ನು ಹಾಗೆಯೇ ಉಳಿಸಿರುವುದು ಅಲಕ್ಷ್ಯ. ಮತ ಹಾಕದೇ ಉಳಿದವನಿಗೆ ಎರಡೂ ಒಂದೇ.

ಮತದಾನದ ಹಕ್ಕು ಎನ್ನುವುದು ಸಂವಿಧಾನದ ಪುಟದಲ್ಲಿ ಮುಗಿಯುವುದಿಲ್ಲ. ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟು ಗಂಟೆಗೆ ಮುಚ್ಚುತ್ತದೆ, ಅಲ್ಲಿಗೆ ಬಸ್ಸಿದೆಯೇ, ಯಾವ ಗುರುತಿನ ಚೀಟಿ ನಡೆಯುತ್ತದೆ ಎಂಬ ಸಣ್ಣ ಪ್ರಶ್ನೆಗಳಲ್ಲಿ ಅದು ಬದುಕುತ್ತದೆ, ಇಲ್ಲವೇ ಸಾಯುತ್ತದೆ. ಇಂಥ ಸಣ್ಣ ತೀರ್ಮಾನಗಳನ್ನು ಪಕ್ಷಗಳ ಕೈಗೆ ಕೊಡದೆ, ಎಲ್ಲರಿಗೂ ಒಂದೇ ಆಗಿರುವ, ಎಣಿಸಿ ನೋಡಬಹುದಾದ ನಿಯಮಕ್ಕೆ ಒಪ್ಪಿಸುವುದೇ ಲೇಸು. ಹದಿನೆಂಟು ತುಂಬಿದವರನ್ನು ಪ್ರಜೆಗಳೆಂದು ಒಪ್ಪಿಕೊಂಡ ದೇಶ ಅವರಿಂದ ಮತಪೆಟ್ಟಿಗೆಯನ್ನು ದೂರ ಇಡುವುದೆಂದರೆ ಕೊಟ್ಟ ಮಾತಿಗೆ ತಪ್ಪಿದಂತೆ.